ಎಲ್ಲ ಮರೆಯುವ ಬ್ರೌಸರ್

ನನಗೆ ಮೂಗಿನ ತುದಿಯಲ್ಲೇ ಕೋಪವಂತೆ. ಇರಲಿ, ಗ್ರಂಥಾಲಯ ನಡೆಸುವವಳಿಗೆ ಅಷ್ಟಾದರೂ ಬೇಡವೇ?

ಓದುಗರು ಪುಸ್ತಕ ಮರಳಿಸಿದ ಕೂಡಲೇ ಅವರ ಹೆಸರಿನ ಚೀಟಿ ಹರಿದುಹಾಕುವುದು ನನ್ನ ಪದ್ಧತಿ. ಇಲ್ಲಿನ ಮೂರು ಕಂಪ್ಯೂಟರ್‌ಗಳಿಗೂ ಅಂಥದೇ ಬ್ರೌಸರ್ ಹುಡುಕಿ ಹಾಕಿದ್ದೇನೆ. ಮುಚ್ಚಿದೊಡನೆ, ಯಾರು ಏನು ನೋಡಿದರೆಂಬುದನ್ನು ಪೂರ್ತಿ ಅಳಿಸಿಬಿಡುತ್ತದೆ.

ಕಳೆದ ವಾರ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ಬಂದಳು. ತೋಳಿನ ಬಾಸುಂಡೆ ಮರೆಮಾಡಿಕೊಂಡು ಮೆಲ್ಲಗೆ ಕೇಳಿದಳು. "ಮೇಡಂ, ಬೇರೆ ಊರಲ್ಲಿ ಕೆಲಸ, ಬಾಡಿಗೆ ಮನೆ ಹುಡುಕ್ಬೇಕು. ನನ್ನ ಫೋನ್ ಗಂಡ ದಿನಾ ತೆಗೆದು ನೋಡ್ತಾನೆ. ಇಲ್ಲಿ ನೋಡಿದ್ರೆ ಅವನಿಗೆ ಗೊತ್ತಾಗುತ್ತಾ?"

"ಇಲ್ಲಮ್ಮ, ಧೈರ್ಯವಾಗಿ ನೋಡು," ಎಂದೆ. ಪ್ರತಿದಿನ ಬಂದು ಒಂದು ಗಂಟೆ ಕೂರುತ್ತಿದ್ದಳು.

ಇಂದು ಬೆಳಿಗ್ಗೆ ಆ ಗಂಡ ಬಂದ. ಜೊತೆಗೆ ಅವನ ಗೆಳೆಯ, ಅಂದರೆ ನಮ್ಮ ಮೇಲಧಿಕಾರಿ.

"ನನ್ನ ಹೆಂಡ್ತಿ ಇಲ್ಲಿ ಏನು ನೋಡ್ತಿದ್ಲು, ತೋರ್ಸಿ."

"ತೋರ್ಸೋಕೆ ಏನೂ ಇಲ್ಲ."

ಅವನೇ ಕುಳಿತು ಮೂರನ್ನೂ ಜಾಲಾಡಿದ. ಸಿಕ್ಕಿದ್ದು ಸೊನ್ನೆ. ಸುಳ್ಳೇಕೆ ಹೇಳಲಿ, ನನಗೆ ಭಾರಿ ಖುಷಿಯಾಯಿತು.

ಅಧಿಕಾರಿಗೆ ಮುಖಭಂಗ. "ಈ ಬ್ರೌಸರ್ ಕಿತ್ತುಹಾಕಿ. ನಾನು ಹೇಳಿದ್ದನ್ನ ಹಾಕಿ, ಎಲ್ಲರ ದಾಖಲೆ ಉಳೀಬೇಕು. ತಪ್ಪು ಮಾಡದೋರಿಗೆ ಭಯ ಯಾಕ್ರೀ?"

ಮೈಯೆಲ್ಲ ಉರಿದುಹೋಯಿತು. "ಸರಿ ಸಾರ್, ಮೊದಲು ನಿಮ್ಮ ಫೋನ್ ಕೊಡಿ. ನೀವು ಏನೇನು ಹುಡುಕಿದ್ದೀರಿ, ಎಲ್ಲರಿಗೂ ಕೇಳೋ ಹಾಗೆ ಓದ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವರ ಕೈ ತಟಕ್ಕನೆ ಜೇಬಿಗೆ ಹೋಯಿತು. ಪತ್ರಿಕೆ ಓದುತ್ತಿದ್ದ ನಿವೃತ್ತ ಮೇಷ್ಟ್ರು ಕಿಸಕ್ಕನೆ ನಕ್ಕರು.

"ನನ್ನ ಬ್ರೌಸರ್ ಹೇಗೆ ಮಾಡಿದ್ದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ನಿಮ್ಮದರ ಒಳಗೇನಿದೆ, ನಿಮಗೇ ಗೊತ್ತಿಲ್ಲ. ನಂಬಿ ಬಂದೋರ ಮೇಲೆ ನಾನೇ ಕಣ್ಣಿಟ್ರೆ, ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ. ಹಾಕಲ್ಲ ಸಾರ್."

"ವರ್ಗ ಮಾಡಿಸ್ತೀನಿ!"

"ಮಾಡಿಸಿ. ಯಾಕೆ ಅಂತ ಬರೆದುಕೊಡಿ, ಬಾಗಿಲಿಗೆ ಅಂಟಿಸಿ ಹೋಗ್ತೀನಿ."

ಅಧಿಕಾರಿ ದುಡುದುಡು ಹೊರಟೇಹೋದರು. ಗಂಡ ಮಾತ್ರ ಅಲ್ಲೇ ನಿಂತಿದ್ದ. ದನಿ ಈಗ ಇಳಿದಿತ್ತು.

"ನಿನ್ನೆಯಿಂದ ಅವಳು ಮನೇಲಿಲ್ಲ ಮೇಡಂ. ಯಾವ ಊರಿಗೆ ಹೋದ್ಲು, ಅಷ್ಟಾದ್ರೂ ಹೇಳಿ."

ನನ್ನೆದೆ ಒಮ್ಮೆಲೇ ಹಗುರಾಯಿತು. ಹೋದಳಲ್ಲ ಪುಣ್ಯಾತ್ಗಿತ್ತಿ!

"ಗೊತ್ತಿಲ್ಲ," ಎಂದೆ. ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಕೂತು, ಅಷ್ಟು ಹೆಮ್ಮೆಯಿಂದ ಆ ಮಾತು ಹೇಳಿದ್ದು ಅದೇ ಮೊದಲು.