ಬಾಲ್ಕನಿ ಇರುವ ಹಡಗು

ಧರ್ಮೇಂದ್ರ ಊಟದ ತಟ್ಟೆಯ ಎಡಕ್ಕೊಂದು ಬಲಕ್ಕೊಂದು ಹಡಗು ಇಟ್ಟುಕೊಂಡು ಮುದ್ದೆ ಮುರಿಯುತ್ತಿದ್ದ. ಎಡಗಡೆಯದು ಲ್ಯಾಪ್‌ಟಾಪಿನಲ್ಲಿತ್ತು, ಬಲಗಡೆಯದು ಮೊಬೈಲಿನಲ್ಲಿ. ಮುಂಬೈಯಿಂದ ಹೊರಡುವ ದೊಡ್ಡ ಹಡಗಿಗೆ ಹನ್ನೆರಡು ಅಂತಸ್ತು, ನೀರಿನ ಜಾರುಬಂಡಿ, ನಾಟಕಶಾಲೆ, ಹೊತ್ತುಗೊತ್ತಿಲ್ಲದೆ ಬಡಿಸುವ ಏಳೆಂಟು ಹೋಟೆಲು. ಆದರೆ ಅಗ್ಗದ ಕೋಣೆಗಳಿಗೆ ಕಿಟಕಿಯೇ ಇಲ್ಲ. ಕೊಚ್ಚಿಯಿಂದ ಹೊರಡುವುದು ಸಣ್ಣದು, ಸ್ವಲ್ಪ ಹಳೆಯದು. ಕುಣಿತ ಕಡಿಮೆ, ಜನ ಕಡಿಮೆ, ಆದರೆ ಒಂದೊಂದು ಕೋಣೆಗೂ ಕಡಲಿನ ಕಡೆಗೆ ಸ್ವಂತ ಬಾಲ್ಕನಿ. ಹಾಸನದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ಮನುಷ್ಯ ಅವನು, ಒಂದು ಲೆಕ್ಕ ಸಿಕ್ಕಿದರೆ ಅದರ ಬೆನ್ನು ಬಿಡುವವನಲ್ಲ. ಹೋಗಿಬಂದವರ ವಿಡಿಯೋಗಳನ್ನೆಲ್ಲ ನೋಡಿ, ಯಾವುದರಲ್ಲಿ ಬೆಳಿಗ್ಗೆ ಇಡ್ಲಿ ಸಿಗುತ್ತದೆ, ಯಾವುದರಲ್ಲಿ ಹೊಟ್ಟೆ ತೊಳೆಸುವುದು ಹೆಚ್ಚು ಎನ್ನುವವರೆಗೆ ತಿಳಿದುಕೊಂಡಿದ್ದ.

"ನಿನ್ ಓಟು ಯಾವ್ದಕ್ಕೆ?" ಎಂದು ಹೆಂಡತಿಯನ್ನು ಕೇಳಿದ.

ರೂಪಶ್ರೀಗೆ ಹಡಗು ಯಾವುದಾದರೂ ಒಂದೇ. ಅವಳಿಗೆ ಬೇಕಾಗಿದ್ದದ್ದು ಆ ಹಡಗು ಇಳಿದ ಮೇಲೆ ಹೋಗಬೇಕಾಗಿದ್ದ ಮನೆ. ಹೊಳೆನರಸೀಪುರದ ಹತ್ತಿರ ಅವಳ ಅಪ್ಪ ಕೃಷ್ಣಪ್ಪನದು ದೊಡ್ಡ ತೋಟ, ದೊಡ್ಡ ಮನೆ, ಅದಕ್ಕೆ ತಕ್ಕ ದೊಡ್ಡ ಮಾತು. ಧರ್ಮೇಂದ್ರ ಅರಕಲಗೂಡಿನ ಕಡೆಯ ಸಣ್ಣಯ್ಯನ ಮಗ. ಕೂಲಿ ಮಾಡಿ ಮಗನನ್ನು ಓದಿಸಿದ ಸಣ್ಣಯ್ಯನ ಕೇರಿಯವರು ಕೃಷ್ಣಪ್ಪನಂಥವರ ಅಂಗಳದಾಚೆ ನಿಂತೇ ಮಾತಾಡಿದವರು. ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ ಎರಡು ವರ್ಷವಾಗಿತ್ತು. ಅಷ್ಟು ದಿನವೂ ತವರಿನಿಂದ ಒಂದು ಬೈಗುಳ ಕೂಡ ಬಂದಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎಂದು ಅವಳು ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದಿದೆ.

ಅಂಥ ಮನೆಯಿಂದ ಕಳೆದ ತಿಂಗಳು ತಮ್ಮ ಅಭಿಷೇಕ್ ನಗುನಗುತ್ತ ಬಂದ. ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. ಬಂದವನೇ ಧರ್ಮೇಂದ್ರನನ್ನು "ಭಾವ" ಎಂದ. ಆ ಎರಡಕ್ಷರಕ್ಕೆ ಧರ್ಮೇಂದ್ರ ಕರಗಿಹೋದದ್ದನ್ನು ನೋಡಿದರೆ ಯಾರಿಗಾದರೂ ಪಾಪ ಅನ್ನಿಸಬೇಕು. ಅಪ್ಪನ ಕೋಪ ಇಳಿದಿದೆ, ಆದರೆ ಊರಿನವರ ಎದುರಿಗೆ ಕರೆಸಿಕೊಳ್ಳಲು ಬಿಗುಮಾನ, ಮೊದಲು ನಾವೇ ಎಲ್ಲಾದರೂ ದೂರ ಹೋಗಿಬರೋಣ, ಖರ್ಚೆಲ್ಲ ನನ್ನದು, ಬಂದವರೇ ನೇರ ಮನೆಗೆ ಎಂದು ಅಭಿಷೇಕ್ ಹೇಳಿದ. ಜೊತೆಗೆ ಗೆಳೆಯ ನಟರಾಜು ಬರುತ್ತಾನಂತೆ. ಜನರ ಕಣ್ಣು ಬೀಳುತ್ತದೆ, ಸದ್ಯಕ್ಕೆ ಯಾರಿಗೂ ಹೇಳಬೇಡಿ ಎಂದ. ಹೊರಡುವಾಗ ಕಾರಿನಿಂದ ಒಂದು ಕೈಚೀಲ ತಂದು ಅಕ್ಕನ ಕೈಗಿಟ್ಟು, ಅಮ್ಮ ಮಡಿಲಕ್ಕಿ ಕಳಿಸಿದ್ದಾಳೆ ಎಂದ. ರೂಪಶ್ರೀ ಆ ಚೀಲವನ್ನು ಎದೆಗೊತ್ತಿಕೊಂಡು ದೇವರ ಗೂಡಿನ ಕೆಳಗಿಟ್ಟಳು. ಒಳ್ಳೆಯ ದಿನ ನೋಡಿ ಪಾಯಸ ಮಾಡಬೇಕೆಂದುಕೊಂಡಳು.

ಅಂದಿನಿಂದ ಅಭಿಷೇಕನ ಫೋನು ಬರದ ದಿನವಿಲ್ಲ. ಅವನ ಒಲವೆಲ್ಲ ಸಣ್ಣ ಹಡಗಿನ ಮೇಲೆ. ದೊಡ್ಡದರಲ್ಲಿ ಎಲ್ಲಿ ನೋಡಿದರೂ ಜನ, ಎಲ್ಲಿ ನೋಡಿದರೂ ಕ್ಯಾಮೆರಾ, ಸಂತೆಯಲ್ಲಿ ಮಲಗಿದ ಹಾಗೆ. ಬಾಲ್ಕನಿಯಿದ್ದರೆ ನಮ್ಮ ಪಾಡಿಗೆ ನಾವು ಕೂತು ಕಡಲು ನೋಡಬಹುದು ಎನ್ನುವುದು ಅವನ ವಾದ. ಧರ್ಮೇಂದ್ರನಿಗೆ ಏಳೆಂಟು ಹೋಟೆಲುಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಇಬ್ಬರೂ ಚಿಕ್ಕ ಮಕ್ಕಳಂತೆ ಎಳೆದಾಡುತ್ತಿದ್ದರು. ಒಮ್ಮೆ ಮಾತಿನ ನಡುವೆ ಅಭಿಷೇಕ್, "ಭಾವ, ಈಜು ಬರುತ್ತಾ ನಿಮ್ಗೆ?" ಎಂದು ಕೇಳಿದ್ದ. ಮೊಣಕಾಲು ಮುಳುಗಿದರೆ ದೇವರನ್ನು ಕರೆಯುವ ಪೈಕಿ ಎಂದು ಧರ್ಮೇಂದ್ರ ಒಪ್ಪಿಕೊಂಡ. ಸ್ಪೀಕರಿನಲ್ಲಿ ಕೇಳುತ್ತಿದ್ದ ರೂಪಶ್ರೀಯೂ ಸೇರಿ ಮೂವರೂ ನಕ್ಕರು.

ನಗದೆ ಇದ್ದವನು ಸಣ್ಣಯ್ಯ ಒಬ್ಬನೇ. ಯಾರಿಗೂ ಹೇಳಬೇಡಿ ಎಂದಿದ್ದರೂ ಅಪ್ಪನಿಗೆ ಹೇಳದೆ ಇರಲು ಧರ್ಮೇಂದ್ರನಿಗೆ ಆಗಲಿಲ್ಲ. ಮಗನ ಮನೆಗೆ ಬಂದ ಮುದುಕ ಹಡಗಿನ ಚಿತ್ರವನ್ನು ದೂರದಿಂದಲೇ ನೋಡಿ, ಸೊಸೆ ಒಳಗಿದ್ದಾಳೆಂದು ದನಿ ತಗ್ಗಿಸಿ ಹೇಳಿದ್ದ. "ಅವ್ರು ಸಿಟ್ಟಾಗಿದ್ದಾಗ ನಂಗೆ ನಿದ್ದೆ ಬತ್ತಿತ್ತು ಕಣ್ಲಾ. ಈಗ ನಗ್ತಾ ಮಾತಾಡುಸ್ತಾವ್ರೆ, ಬತ್ತಿಲ್ಲ." ಒಳಗಿದ್ದ ರೂಪಶ್ರೀಗೆ ಅದು ಕೇಳಿಸಿತು. ಮಾವನ ಮೇಲೆ ಅವಳಿಗೆ ಕೆಟ್ಟ ಕೋಪ ಬಂತು. ತನ್ನ ತಮ್ಮನ ಬಗ್ಗೆ ಇವರಿಗೇನು ಗೊತ್ತು ಎಂದುಕೊಂಡಳು. ಆಸೆ ಬಿದ್ದವರಿಗೆ ಬುದ್ಧಿ ಹೇಳಿದವರೇ ಮೊದಲ ಶತ್ರು.

ಧರ್ಮೇಂದ್ರ ಎರಡು ಹಡಗಿನ ನಡುವೆ ಕೂತು ಮುದ್ದೆ ಉಂಡ ಮರುದಿನ ಶುಕ್ರವಾರ. ಪಾಯಸಕ್ಕೆ ಒಳ್ಳೆಯ ದಿನವೆಂದು ಅವಳು ಬೆಳಿಗ್ಗೆ ಸ್ನಾನ ಮಾಡಿ ಚೀಲ ಬಿಚ್ಚಿದಳು. ಅಕ್ಕಿ ಅಂಗಡಿಯ ಪೊಟ್ಟಣದಲ್ಲಿತ್ತು, ಅಂಟಿಸಿದ ಬಾಯಿ ಒಡೆದಿರಲಿಲ್ಲ. ಅದರ ಜೊತೆಗೊಂದು ಕೊಬ್ಬರಿ, ಬೆಲ್ಲದ ಅಚ್ಚು, ಹಸಿರು ಬಳೆ. ಅರಿಸಿನದ ಕೊಂಬು ಇರಲಿಲ್ಲ. ಮರೆತಿರಬೇಕು ಎಂದುಕೊಂಡಳು. ಪೊಟ್ಟಣ ಕತ್ತರಿಸಲು ಹೋದವಳು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಒಲೆಯ ಮುಂದೆ ನಿಂತುಬಿಟ್ಟಳು.

ಮಡಿಲಕ್ಕಿಯನ್ನು ಯಾರಾದರೂ ಕಳಿಸುತ್ತಾರೆಯೇ? ಮಗಳನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಾಸಿಸಿ, ಮುತ್ತೈದೆಯರು ಬೊಗಸೆಯಲ್ಲಿ ತುಂಬುತ್ತಾರೆ. ಅದರಲ್ಲೊಂದು ಹಿಡಿಯನ್ನು ಮಗಳು ತವರಿಗೇ ಬಿಟ್ಟು ಬರಬೇಕು. ಚಿಕ್ಕಂದಿನಿಂದ ಅತ್ತೆಯರಿಗೆ, ದೊಡ್ಡಮ್ಮನ ಮಗಳಿಗೆ ಅಮ್ಮ ಹಾಗೆ ತುಂಬುವುದನ್ನು ಅವಳು ನೋಡಿದ್ದಳು. ಗಂಡುಮಕ್ಕಳು ಆ ಹೊತ್ತಿಗೆ ಜಗಲಿಯ ಮೇಲೆ ಇರುತ್ತಿದ್ದರು. ಅವರಿಗೆ ಗೊತ್ತಿರುವುದು ತಾಯಿಮನೆಯಿಂದ ಹೆಂಗಸರು ಅಕ್ಕಿ ಬೆಲ್ಲ ತರುತ್ತಾರೆ ಎಂಬುದಷ್ಟೇ. ಅಮ್ಮ ಅನಸೂಯಮ್ಮ ಸೀರೆ ಕಳಿಸಿದ್ದರೆ ನಂಬಬಹುದು, ಉಪ್ಪಿನಕಾಯಿ ಕಳಿಸಿದ್ದರೆ ನಂಬಬಹುದು. ಮಗನ ಕೈಯಲ್ಲಿ ಮಡಿಲಕ್ಕಿ ಕಳಿಸುವ ಹೆಂಗಸಲ್ಲ ಅವಳು. ಅಮ್ಮನಿಗೆ ಇದು ಗೊತ್ತೇ ಇಲ್ಲ ಎಂಬುದು ಹೊಳೆದಾಗ ರೂಪಶ್ರೀ ಪೊಟ್ಟಣವನ್ನು ಒಡೆಯದೆ ಮತ್ತೆ ಚೀಲಕ್ಕಿಟ್ಟಳು.

ಆದರೂ ಮನಸ್ಸು ಒಪ್ಪಲಿಲ್ಲ. ಕೆಲಸ ಮಾಡುವ ಲ್ಯಾಬಿಗೆ ಹೋಗಿ, ಮಧ್ಯಾಹ್ನದವರೆಗೂ ಅವರಿವರ ರಕ್ತ ತೆಗೆಯುತ್ತ, ಏನೋ ಕಾರಣವಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕೊನೆಗೆ ತಡೆಯಲಾರದೆ ಹೊಳೆನರಸೀಪುರದ ದೊಡ್ಡಮ್ಮ ಗಂಗಾಂಬಿಕೆಗೆ ಫೋನು ಮಾಡಿದಳು. ಅಮ್ಮನಿಗೆ ಸ್ವಂತ ಫೋನು ಇರಲಿಲ್ಲ, ಇದ್ದದ್ದನ್ನು ಮದುವೆಯ ವಾರವೇ ಕಿತ್ತುಕೊಂಡಿದ್ದರು. ದೊಡ್ಡಮ್ಮ ಹಡಗು, ಮಡಿಲಕ್ಕಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ನಿಮ್ಮಮ್ಮ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಬಂದವಳು ಇಲ್ಲೇ ಇದ್ದಾಳೆ, ಸಂಜೆಯವರೆಗೂ ಇರುತ್ತಾಳೆ, ಮಾತಾಡು ಎಂದು ಫೋನು ದಾಟಿಸಿದಳು.

ಎರಡು ವರ್ಷದ ಮೇಲೆ ಕೇಳಿದ ದನಿ. ರೂಪಶ್ರೀ ಅಮ್ಮಾ ಎಂದು ಹಡಗಿನ ವಿಷಯ ಹೇಳಿ, ಮಡಿಲಕ್ಕಿ ನೀನೇ ಕಳಿಸಿದ್ದಾ ಎಂದು ಕೇಳಿದಳು.

"ನಾನೇನೂ ಕಳ್ಸಿಲ್ಲ ಕಣವ್ವ," ಎಂದಳು ಅನಸೂಯಮ್ಮ. "ನಿನ್ ತಿಥಿ ಮಾಡವ್ರೆ. ಮನೇಲಿ ನಿನ್ ಎಸ್ರೆತ್ತಂಗಿಲ್ಲ. ಮಡ್ಲಕ್ಕಿ ಎಲ್ಲಿಂದ ಕಳ್ಸ್ಲಿ ನಾನು?"

ಮತ್ತೆ ಅವಳೇ ಹೇಳಿದಳು. "ನೀರಿನ ಮ್ಯಾಲಾದ್ರೆ ಕಾಲು ಜಾರ್ತು ಅಂತಾರೆ, ಯಾರೂ ಕೇಳಾಕಿಲ್ಲ ಅಂತ ಅಭಿ ನಿಮ್ಮಪ್ಪನ ಕೈಲಿ ಅಂತಿದ್ದ. ಯಾರ್ ಇಸ್ಯ ಅಂತ ನಂಗೆ ತಿಳೀಲಿಲ್ಲ. ಈಗ ತಿಳೀತು."

ರೂಪಶ್ರೀ ಲ್ಯಾಬಿನ ಬಾಗಿಲು ಹಾಕಿಕೊಂಡು ಫೋನನ್ನು ಕಿವಿಗೆ ಒತ್ತಿಕೊಂಡಳು.

"ನಮ್ ಪಾಲ್ಗೆ ನೀನು ಸತ್ತಂಗೇ ಇದ್ಬುಡವ್ವ. ಆ ಉಡ್ಗನ್ನ ಉಳಿಸ್ಕೊ. ನಾನು ಯೋಳ್ದೆ ಅಂತ ಮಾತ್ರ ಎಲ್ಲೂ ಅನ್ಬ್ಯಾಡ, ನನ್ನೂ ಬುಡಾಕಿಲ್ಲ ಅವ್ರು."

ಅರ್ಧ ದಿನ ರಜೆ ಹೇಳಿ ಅವಳು ಆಟೋ ಹಿಡಿದು ಮನೆಗೆ ಬಂದಾಗ ಕೆಳಗೆ ತಮ್ಮನ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಯಾರೋ ದಪ್ಪ ಮನುಷ್ಯ ಕೂತಿದ್ದ. ನಟರಾಜು ಇವನೇ ಇರಬೇಕು. ಅವಳನ್ನು ನೋಡಿಯೂ ಅವನು ನಗಲಿಲ್ಲ. ಮೆಟ್ಟಿಲು ಹತ್ತುವಾಗಲೇ ಗಂಡನ ನಗು ಕೇಳಿಸಿತು.

ಶಾಲೆಗೆ ಮಧ್ಯಾಹ್ನದ ಮೇಲೆ ರಜೆ ಹಾಕಿಸಿ ಅಭಿಷೇಕನೇ ಭಾವನನ್ನು ಮನೆಗೆ ಕರೆತಂದಿದ್ದನಂತೆ. ಸಣ್ಣ ಹಡಗಿನ ರಿಯಾಯಿತಿಗೆ ಇವತ್ತೇ ಕೊನೆಯ ದಿನವಂತೆ. ನಾನು ಸೋತೆ, ಬಾಲ್ಕನಿಯೇ ಗೆದ್ದಿತು ಎಂದು ಧರ್ಮೇಂದ್ರ ಸಂತೋಷದಿಂದ ಹೇಳಿದ. ಗಂಡ ಹೆಂಡತಿ ಇಬ್ಬರ ಹೆಸರನ್ನೂ ತುಂಬಿ ಆಗಿತ್ತು. ಅಭಿಷೇಕನ ಮುಂದಿಟ್ಟಿದ್ದ ಕಾಫಿ ಕೆನೆಗಟ್ಟಿ ತಣ್ಣಗಾಗಿತ್ತು. ಹೋದ ಸಲವೂ ಅವನು ಈ ಮನೆಯ ಲೋಟ ಮುಟ್ಟಿರಲಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು. ಅವತ್ತು ಅದನ್ನು ಅವಳೇ ಚೆಲ್ಲಿ ತೊಳೆದಿಟ್ಟಿದ್ದಳು.

ಪೊಲೀಸರ ಹೆಸರು ಹೇಳಿ ಕೂಗಾಡಬೇಕು ಎನ್ನಿಸಿತು. ಕೂಗಿದರೆ ಅಮ್ಮನ ಹೆಸರು ಹೊರಬೀಳುತ್ತದೆ. ಅವಳಿಗೆ ಉಳಿದಿದ್ದದ್ದು ಒಂದೇ ದಾರಿ, ಅದೂ ಅಮ್ಮನೇ ತೋರಿಸಿದ್ದು.

"ನಾವು ಬರಲ್ಲ ಅಭಿ," ಎಂದಳು. "ನಂಗೆ ತವರೂ ಬೇಡ, ನೀನೂ ಬೇಡ. ನಾನು ಸತ್ತೆ ಅಂದ್ಕೊಳ್ಳಿ. ಇನ್ಮೇಲೆ ಈ ಮೆಟ್ಲು ಹತ್ಬೇಡ."

ಧರ್ಮೇಂದ್ರನ ಮುಖ ಬಿಳಿಚಿಕೊಂಡಿತು. ಅವಳಿಗೆ ಏನೋ ಆಗಿದೆ, ತಪ್ಪು ತಿಳಿಯಬೇಡಿ ಎಂದು ಅವನು ಬೇಡಿಕೊಳ್ಳುವ ದನಿಯಲ್ಲಿ ಅಭಿಷೇಕನಿಗೆ ಹೇಳತೊಡಗಿದ. ಗಂಡ ಹಾಗೆ ಬೇಡುವುದನ್ನು ನೋಡಿ ರೂಪಶ್ರೀಗೆ ತಮ್ಮನ ಕೆನ್ನೆಗೆ ಹೊಡೆಯಬೇಕೆನ್ನಿಸಿತು.

ಅಭಿಷೇಕನ ಮುಖದಲ್ಲಿ ಕೋಪವೇ ಕಾಣಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಅಕ್ಕನ ಕೈಯಲ್ಲಿದ್ದ ಫೋನನ್ನು ನೋಡಿದ.

"ಯಾರ್ ಜೊತೆ ಮಾತಾಡ್ದೆ ಅಕ್ಕ?"

"ಯಾರ್ ಜೊತೇನೂ ಇಲ್ಲ."

ಉತ್ತರ ಅವನ ಪ್ರಶ್ನೆ ಮುಗಿಯುವ ಮುಂಚೆಯೇ ಬಂದುಬಿಟ್ಟಿತ್ತು. ಅಭಿಷೇಕ್ ತಲೆಯಾಡಿಸಿದ. ಚನ್ನರಾಯಪಟ್ಟಣದಲ್ಲಿ ಸ್ವಲ್ಪ ಕೆಲಸವಿದೆ, ಬರ್ತೀನಿ ಭಾವ ಎಂದು ಎಂದಿನಂತೆಯೇ ನಕ್ಕು ಮೆಟ್ಟಿಲಿಳಿದು ಹೋದ.

"ಎರಡು ವರ್ಷ ಇದಕ್ಕೇ ಅಲ್ವಾ ನೀನು ಅತ್ತಿದ್ದು? ಯಾಕ್ ಹಿಂಗ್ ಮಾಡ್ದೆ?" ಎಂದು ಧರ್ಮೇಂದ್ರ ಹಿಂದಿನಿಂದ ಕೇಳುತ್ತಿದ್ದ. ರೂಪಶ್ರೀ ಕಿಟಕಿಗೆ ಹೋದಳು. ಬದುಕಿರುವ ಗಂಡನ ದನಿ ಅದು, ಎಷ್ಟು ಬೇಕಾದರೂ ಬೈಯಲಿ ಎನ್ನಿಸಿತು. ಕಾರು ಬೀದಿ ದಾಟಿ ವೃತ್ತದ ಹತ್ತಿರ ಹೋಯಿತು. ನೇರ ಹೋದರೆ ಚನ್ನರಾಯಪಟ್ಟಣ. ಅಲ್ಲಿ ಅದು ನಿಧಾನಿಸಿತು, ಹಿಂದಿನ ಬಸ್ಸು ಹಾರ್ನ್ ಮಾಡಿದರೂ ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಹೊಳೆನರಸೀಪುರದ ರಸ್ತೆಗೆ ತಿರುಗಿತು.

ಅಮ್ಮ ಸಂಜೆಯವರೆಗೂ ದೊಡ್ಡಮ್ಮನ ಮನೆಯಲ್ಲಿರುವುದು ಅಭಿಗೂ ಗೊತ್ತಿರಬೇಕು. ಅವಳು ದೊಡ್ಡಮ್ಮನ ನಂಬರು ಒತ್ತಿದಳು. ಆ ನಂಬರು ಬೇರೊಂದು ಕರೆಯಲ್ಲಿತ್ತು.