ಹೆಚ್ಚಿಗೆ ಎರಡು ದೀಪ

ವೈನ್ ಸುರಿಯುವಾಗ ತನ್ನ ಕೈ ನಡುಗುತ್ತದೆ ಎಂಬುದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಡೈರಿಗೆ ಮಾತ್ರ ಹೇಳಿದ್ದಳು. ‘ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡರೆ ನಡುಕ ಸ್ವಲ್ಪ ಕಡಿಮೆ. ಬಂದವರು ಅದನ್ನು ಮರ್ಯಾದೆ ಅಂದುಕೊಳ್ಳುತ್ತಾರೆ. ಹಾಗೇ ಅಂದುಕೊಂಡಿರಲಿ’ ಎಂದು ಬರೆದು, ಕೆಳಗೊಂದು ಗೆರೆ ಎಳೆದಿದ್ದಳು. ಈಗ ಜೆಟ್ಟಿಯ ತುದಿಯಲ್ಲಿ ನಿಂತು ಬಿಸಿಡಬ್ಬಿಗಳನ್ನು ಒಂದೊಂದಾಗಿ ದೋಣಿಗೆ ಇಳಿಸುತ್ತಿದ್ದಾಗಲೂ ಅದೇ ಯೋಚನೆ. ಆದರೆ ಇವತ್ತಿನ ಚಿಂತೆ ಅದಲ್ಲ ಎಂದು ಅವಳಿಗೇ ಗೊತ್ತಿತ್ತು. ಇವತ್ತಿನದು ನಾಲ್ಕು ಮಡಿಕೆಯಾಗಿ ಏಪ್ರನ್ನಿನ ಜೇಬಿನಲ್ಲಿತ್ತು.

“ಎಷ್ಟು ಲಾಟೀನು ಪುಟ್ಟಿ ಇವತ್ತು? ನಡುಗಡ್ಡೆಯಲ್ಲಿ ಮದುವೆ ಏನಾದ್ರೂ ಇಟ್ಕೊಂಡಿದಾರಾ?” ಎಂದು ದೋಣಿಯೊಳಗಿಂದ ಮಾವ ಕೇಳಿದ.

“ಆರು,” ಎಂದಳು.

“ದಿನಾ ನಾಲ್ಕೇ ಅಲ್ವಾ?”

ಅವಳು ಇನ್ನೊಂದು ಡಬ್ಬಿ ಇಳಿಸಿದಳು. ಮಾವನೂ ಉತ್ತರಕ್ಕೆ ಕಾಯಲಿಲ್ಲ. ಅಮ್ಮನ ತಮ್ಮನಾದ ಅವನು ಅವಳನ್ನು ಎತ್ತಿ ಆಡಿಸಿದವನು. ಈ ಹುಡುಗಿ ಹತ್ತು ಮಾತಿಗೆ ಒಂದು ಮಾತಾಡಿದರೆ ಅದೇ ಹೆಚ್ಚು ಎಂದು ಲೆಕ್ಕ ಇಟ್ಟುಕೊಂಡೇ ಬದುಕಿದವನು. ಕೆಲಸ ಕೊಡಿಸಿದವನೂ ಅವನೇ. ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿ ಎರಡು ವರ್ಷ ಮನೆಯ ಕಿಟಕಿಯ ಪಕ್ಕ ಕೂತಿದ್ದವಳನ್ನು ಕರೆತಂದು, “ಅಕ್ಕಾ, ಇವಳು ಬಾಯಿ ಬಿಡೋದೇ ಇಲ್ಲ, ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದಾಳೆ” ಎಂದು ಮಾಲಕಿಯ ಮುಂದೆ ನಿಲ್ಲಿಸಿದ್ದ. ಎಲ್ಲರಿಗೂ ಅಕ್ಕನಾದ ಮಾಲಕಿ ಆವತ್ತು ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ.

ಕೆಲಸ ಅಂಥದ್ದೇ ಆಗಿತ್ತು. ದಿನಕ್ಕೆ ಒಂದೇ ಜೋಡಿ. ಇಳಿಬಿಸಿಲಿನಲ್ಲಿ ದೋಣಿ ಮೂರು ನಡುಗಡ್ಡೆಗಳನ್ನು ಸುತ್ತಿ, ಕೊನೆಯದರಲ್ಲಿ ನಿಲ್ಲುತ್ತಿತ್ತು. ಅಲ್ಲಿ ಮರದ ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಎರಡು ಕುರ್ಚಿ. ವೈನ್ ಸುರಿದು, ಊಟ ಬಡಿಸಿದ ಮೇಲೆ ಮಾವ ಮತ್ತು ಅವಳು ದೋಣಿ ಹತ್ತಿ ದೊಡ್ಡ ಬಂಡೆಯ ಆಚೆಗೆ ಹೋಗಿ ಲಂಗರು ಹಾಕಬೇಕು. ಅಲ್ಲಿಂದ ಮೇಜು ಕಾಣಿಸುವುದಿಲ್ಲ, ಮಾತೂ ಕೇಳಿಸುವುದಿಲ್ಲ. ಮೇಜಿನ ಮೇಲಿಟ್ಟ ಹಿತ್ತಾಳೆಯ ಕೈಗಂಟೆ ಬಾರಿಸಿದರೆ ಮಾತ್ರ ವಾಪಸು ಬರಬೇಕು. ನಡುಗಡ್ಡೆಯಲ್ಲಿ ಫೋನು ಹಿಡಿಯುತ್ತಿರಲಿಲ್ಲ. ಅಕ್ಕ ಅದನ್ನೂ ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಸಿದ್ದಳು: ನೀವಿಬ್ಬರು, ಸುತ್ತ ನೀರು, ಮತ್ತೆ ಯಾರೂ ಇಲ್ಲ.

ಬರುವ ಮೊದಲು ಇಬ್ಬರೂ ಬೇರೆಬೇರೆಯಾಗಿ ಒಂದೊಂದು ಹಾಳೆ ತುಂಬಿ ಕಳಿಸಬೇಕಿತ್ತು. ಐದು ಪ್ರಶ್ನೆ. ಏನು ತಿನ್ನುವುದಿಲ್ಲ, ಕೆಂಪು ವೈನೋ ಬಿಳಿಯದೋ, ಎಂಥ ಸಂಗೀತ, ಈಜು ಬರುತ್ತದೆಯೇ. ಐದನೆಯದು ಗುಟ್ಟಿನದು: ‘ನಿಮ್ಮ ಸಂಗಾತಿಗೆ ತಿಳಿಯದಂತೆ ಈ ಸಂಜೆ ನಾವು ನಿಮಗಾಗಿ ಏನು ಮಾಡಬೇಕು?’ ಅದನ್ನು ಓದುವುದು, ಓದಿದ್ದನ್ನು ಒಂದು ಸಾಮಾನಿನ ರೂಪಕ್ಕೆ ತಂದು ಪಟ್ಟಿಯಲ್ಲಿ ಬರೆಯುವುದು ಅವಳ ಕೆಲಸ. ಉಂಗುರ, ಹೂವು, ಹಳೆಯ ಫೋಟೋ. ಒಬ್ಬ, ‘ನನ್ನನ್ನು ಗಾಳಿಗೆ ಎದುರಾಗಿ ಕೂರಿಸಬೇಡಿ, ತಲೆಯ ಮೇಲಿರುವುದು ನನ್ನ ಕೂದಲಲ್ಲ, ಅವಳಿಗೆ ಇನ್ನೂ ಹೇಳಿಲ್ಲ’ ಎಂದು ಬರೆದಿದ್ದ. ಆವತ್ತು ಅವಳು ಕುರ್ಚಿಯನ್ನು ಮೂರು ಸಲ ತಿರುಗಿಸಿ ಇಟ್ಟಿದ್ದಳು.

ಇವತ್ತಿನವರ ಹಾಳೆಗಳು ಮೂರು ದಿನದ ಹಿಂದೆ ಬಂದಿದ್ದವು. ಗಂಡನ ಐದನೇ ಉತ್ತರ: ‘ನಾನು ಕರೆಯುವ ತನಕ ಬರಬೇಡಿ.’ ಹೆಂಡತಿಯದು: ‘ಊಟ ಬಡಿಸಿದ ಮೇಲೆ ದಯವಿಟ್ಟು ಹೋಗಬೇಡಿ.’ ಈಜು ಬರುವುದಿಲ್ಲ ಎಂದೂ ಬರೆದಿದ್ದಳು. ‘ದಯವಿಟ್ಟು’ ಎಂಬುದನ್ನು ಆಮೇಲೆ ನೆನಪಾಗಿ ಸೇರಿಸಿದಂತೆ, ಸಾಲಿನ ಮೇಲೆ ಸಣ್ಣಕ್ಷರದಲ್ಲಿ ತುರುಕಿದ್ದಳು.

ಅವಳು ಎರಡೂ ಹಾಳೆಗಳನ್ನು ಅಕ್ಕನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸುಮ್ಮನೆ ನಿಂತಿದ್ದಳು. ಅಕ್ಕ ಕನ್ನಡಕ ಏರಿಸಿ ಓದಿ ನಕ್ಕಳು.

“ಒಬ್ಬರು ಹೋಗ್ಬೇಡಿ ಅಂತಾರೆ, ಒಬ್ಬರು ಬರ್ಬೇಡಿ ಅಂತಾರೆ. ಗಂಡ ಹೆಂಡ್ತಿ ಅಂದ್ರೆ ಇದೇ ನೋಡು. ಪಾಪ, ಕತ್ತಲೆ ಅಂದ್ರೆ ಹೆದರಿಕೆ ಇರ್ಬೇಕು ಆಯಮ್ಮನಿಗೆ. ಎರಡು ದೀಪ ಹೆಚ್ಚಿಗೆ ಇಡು.”

ಇದು ಕತ್ತಲೆಯ ಮಾತಲ್ಲ ಎಂಬುದು ಅವಳ ಗಂಟಲಿನವರೆಗೆ ಬಂದಿತ್ತು. ಕಾಲೇಜಿನ ಮೌಖಿಕ ಪರೀಕ್ಷೆಯಲ್ಲೂ ಹೀಗೇ ಆಗಿತ್ತು. ಪರೀಕ್ಷಕರು ಒಣಗಿದ ಎಲೆಯೊಂದನ್ನು ಮುಂದೆ ಹಿಡಿದಿದ್ದರು. ಎಲೆಯ ಹೆಸರು, ಅದರ ಕುಲ, ಅದು ಹೂ ಬಿಡುವ ತಿಂಗಳು ಎಲ್ಲವೂ ಅವಳ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಒಂದೂ ಹೊರಗೆ ಬರಲಿಲ್ಲ. ಪರೀಕ್ಷಕರು ಎಲೆಯನ್ನು ಲಕೋಟೆಯೊಳಗೆ ಹಾಕಿ, ‘ಮುಂದಿನವರು’ ಎಂದಿದ್ದರು. ಅಕ್ಕನೂ ಹಾಗೇ ಹಾಳೆಗಳನ್ನು ಮಡಚಿ ಕೈಗೆ ಕೊಟ್ಟು ಫೋನು ಎತ್ತಿಕೊಂಡಳು. ಅವಳು ತನ್ನ ಜಾಗಕ್ಕೆ ಹೋಗಿ, ಪಟ್ಟಿಯಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ, ‘ಮೇಡಂ: ಹೆಚ್ಚಿಗೆ ಎರಡು ದೀಪ’ ಎಂದು ಬರೆದಳು. ಡೈರಿಯಲ್ಲಿ ಆ ದಿನದ ಪುಟ ಖಾಲಿ ಬಿಟ್ಟಳು.

ಇವತ್ತು ಆ ಜೋಡಿ ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಗಂಡನಿಗೆ ನಲವತ್ತು ಇರಬಹುದು. ಕಾರಿನಿಂದ ಇಳಿದವನೇ ಮಾವನ ಕೈ ಕುಲುಕಿ, ಎಷ್ಟು ವರ್ಷದಿಂದ ದೋಣಿ ನಡೆಸುತ್ತಿದ್ದೀರಿ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿದ. ಬಂದವರು ಮಾವನ ಮುಖ ನೋಡಿ ಮಾತಾಡುವುದೇ ಅಪರೂಪ. ಅವನು ಕರಗಿ ನೀರಾದ. ಹೆಂಡತಿ ಎರಡು ಹೆಜ್ಜೆ ಹಿಂದೆ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಲೈಫ್ ಜಾಕೆಟ್ ಹಿಡಿದು ಆಕೆಯ ಹತ್ತಿರ ಹೋದಾಗ ಗಂಡ, “ಕೊಡಿ, ನಾನು ಹಾಕ್ತೀನಿ,” ಎಂದು ಇಸಿದುಕೊಂಡ. ಒಂದೊಂದೇ ಬಕಲ್ ಹಾಕಿ, ಪಟ್ಟಿಯನ್ನು ಬಿಗಿಯಾಗಿ ಎಳೆದ.

“ಸರಿ ಆಯ್ತಾ?” ಎಂದು ಕೇಳಿದ. “ಆಯ್ತು,” ಎಂದು ಅವನೇ ಹೇಳಿದ.

ದೋಣಿ ಹತ್ತುವಾಗ ಹೆಂಡತಿ ಒಂದು ಸಲ ಅವಳ ಮುಖವನ್ನು ನೋಡಿದಳು. ಹಾಳೆಯನ್ನು ಓದಿದವರು ಯಾರಿರಬಹುದು ಎಂದು ಹುಡುಕುವ ನೋಟ. ಅವಳು ಹಗ್ಗ ಬಿಚ್ಚುವ ನೆಪದಲ್ಲಿ ಬಗ್ಗಿದಳು. ಗಂಟು ಆಗಲೇ ಬಿಚ್ಚಿತ್ತು.

ಮೂರನೇ ನಡುಗಡ್ಡೆ ಮುಟ್ಟುವಾಗ ಸೂರ್ಯ ನೀರಿಗೆ ಒಂದು ಮಾರು ಮೇಲಿದ್ದ. ಅವಳು ಮುಂದೆ ಓಡಿ ಲಾಟೀನುಗಳನ್ನು ಹಚ್ಚಿದಳು. ನಾಲ್ಕು ಮೇಜಿನ ಸುತ್ತ, ಎರಡು ಹೆಂಡತಿಯ ಕುರ್ಚಿಯ ಎರಡೂ ಬದಿಗೆ. ಮಧ್ಯಾಹ್ನ ಅವಳೇ ಆರಕ್ಕೂ ಕಂಠದವರೆಗೆ ಎಣ್ಣೆ ತುಂಬಿದ್ದಳು, ಗಾಜು ಉಜ್ಜಿದ್ದಳು.

“ಅಬ್ಬಾ, ಎಷ್ಟೊಂದು ದೀಪ,” ಎಂದ ಗಂಡ.

ಹೆಂಡತಿ ನಿಂತಲ್ಲೇ ನಿಂತಳು. ತನ್ನ ಕುರ್ಚಿಯ ಆಚೀಚೆ ಇದ್ದ ಎರಡು ಲಾಟೀನುಗಳನ್ನು ನೋಡಿದಳು. ಆಮೇಲೆ ಅವಳನ್ನು ನೋಡಿದಳು. ಆಮೇಲೆ ಮತ್ತೆ ಲಾಟೀನುಗಳನ್ನು. ತಾನು ಬರೆದದ್ದು ತಲುಪಿದೆ, ತಲುಪಿ ಹೀಗಾಗಿದೆ ಎಂಬುದು ಆಕೆಗೆ ಅರ್ಥವಾದದ್ದು ಆಕೆಯ ಮುಖದ ಮೇಲೆ ಕಾಣಿಸಿತು. “ಚೆನ್ನಾಗಿದೆ,” ಎಂದು ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕೂತಳು.

ಬಿರಡೆ ತೆಗೆದು, ಎಡಗೈಯಿಂದ ಮಣಿಕಟ್ಟನ್ನು ಹಿಡಿದುಕೊಂಡು ಅವಳು ಸುರಿಯತೊಡಗಿದಳು. ಗಂಡನ ಲೋಟ ಸರಿಯಾಗಿ ತುಂಬಿತು. ಹೆಂಡತಿಯ ಲೋಟದ ಹತ್ತಿರ ಬಾಟಲಿಯ ಬಾಯಿ ಅಂಚಿಗೆ ಬಡಿದು, ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಕೆಂಪು ಹರಡಿತು. ಕ್ಷಮೆ ಕೇಳಲು ಬಾಯಿ ತೆರೆಯುವ ಮುಂಚೆಯೇ ಹೆಂಡತಿಯ ಮಾತು ಬಂದಿತ್ತು.

“ನಂದೇ ತಪ್ಪು. ಲೋಟ ನಾನೇ ಸರಿಸಿಬಿಟ್ಟೆ. ನಂದೇ.”

ಆಕೆಯ ಎರಡೂ ಕೈ ಆಗ ಮಡಿಲಲ್ಲಿದ್ದವು. ಲೋಟ ಇಟ್ಟ ಜಾಗದಲ್ಲೇ ಇತ್ತು.

ಗಂಡ ನಗುತ್ತಲೇ ಇದ್ದ. “ನೋಡಿ, ಮನೇಲೂ ಹೀಗೇ,” ಎಂದು ತನ್ನ ಮಡಿಲ ಬಟ್ಟೆಯನ್ನು ಎತ್ತಿ ಆ ಕೆಂಪನ್ನು ಒತ್ತಿದ. ಒರೆಸಲಿಲ್ಲ, ಒತ್ತಿದ; ಹೆಬ್ಬೆರಳಿನಿಂದ, ಒಂದೊಂದೇ ಕಡೆ, ಅವಸರವಿಲ್ಲದೆ. ಹೆಂಡತಿ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅವನು ಮೇಜಿನ ನಡುವೆ ಇದ್ದ ಕೈಗಂಟೆಯನ್ನು ಎತ್ತಿ, ನಾಲಿಗೆ ಅಲುಗದಂತೆ ಒಳಗೆ ಬೆರಳು ಇಟ್ಟು, ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ.

ಅವಳು ಬಡಿಸಿದಳು. ತಟ್ಟೆ ಇಡುವಾಗೊಮ್ಮೆ ಹೆಂಡತಿ ಉಪ್ಪು ಕೇಳಿದಳು. ಉಪ್ಪು ತಂದರೆ ನೀರು. ನೀರು ಬಂದಮೇಲೆ, ತಲೆಯ ಮೇಲಿನ ಕೊಂಬೆಯನ್ನು ನೋಡಿ, “ಇದು ಯಾವ ಮರ?” ಎಂದಳು.

“ಕಾಡುಬಾದಾಮಿ,” ಎಂದಳು ಅವಳು.

“ಎಲೆ ಕೆಂಪಗಿದೆಯಲ್ಲ. ಕಾಯಿಲೇನಾ?”

“ಅಲ್ಲ ಮೇಡಂ. ಬೀಳೋ ಮುಂಚೆ ಕೆಂಪಾಗುತ್ತೆ.”

“ಎಲ್ಲಾ ಒಟ್ಟಿಗೇ ಬೀಳುತ್ತಾ? ಮತ್ತೆ ಚಿಗುರೋಕೆ ಎಷ್ಟು ದಿನ ಬೇಕು?”

ಅವಳಿಗೆ ಗೊತ್ತಿತ್ತು. ಎಲೆ, ಚಿಗುರು, ಹೂವಿನ ತೆನೆ, ನೀರಿನ ಮೇಲೆ ತೇಲಿಹೋಗಿ ಬೇರೆ ದಡದಲ್ಲಿ ಬೇರೂರುವ ಕಾಯಿ, ಎಲ್ಲವನ್ನೂ ಹೇಳುತ್ತ ರಾತ್ರಿಯವರೆಗೆ ಅಲ್ಲೇ ನಿಲ್ಲಬಹುದಿತ್ತು. ಎದುರಿಗೆ ಕೂತವಳು ಕೇಳುತ್ತಿದ್ದದ್ದೂ ಅದನ್ನೇ. ಆದರೆ ಗಂಡ ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟ ಸದ್ದಾಯಿತು. “ಅವರಿಗೆ ಹೋಗೋಕಿದೆ, ಬಿಡು,” ಎಂದ. ಆಮೇಲೆ ಅವಳ ಕಡೆ ತಿರುಗಿ, “ತುಂಬಾ ಚೆನ್ನಾಗಿ ಮಾಡಿದೀರಿ. ಇನ್ನು ನೀವು ಹೊರಡಿ,” ಎಂದ.

ಅವಳು ಖಾಲಿ ಡಬ್ಬಿಗಳ ತಟ್ಟೆಯನ್ನು ಎತ್ತಿಕೊಳ್ಳಲು ಹೋದಳು. ಅದು ಮೇಲೇಳಲಿಲ್ಲ. ಮೇಜಿನ ಬಟ್ಟೆಯ ಮರೆಯಲ್ಲಿ ಹೆಂಡತಿಯ ಎರಡು ಬೆರಳು ತಟ್ಟೆಯ ಅಂಚನ್ನು ಹಿಡಿದಿದ್ದವು. ಮುಖ ಗಂಡನ ಕಡೆಗಿತ್ತು, ಅವನ ಯಾವುದೋ ಮಾತಿಗೆ ನಗುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಹಾಗೇ ಇದ್ದು, ಬೆರಳುಗಳು ಬಿಟ್ಟವು. ತಟ್ಟೆ ಹಗುರಾಯಿತು.

ಮೇಜಿನಿಂದ ದೋಣಿಗೆ ಇಪ್ಪತ್ತಮೂರು ಹೆಜ್ಜೆ. ಪ್ರತಿ ಹೆಜ್ಜೆಗೂ ತಾನು ಏನು ಮಾಡಬಹುದು ಎಂದು ಯೋಚಿಸಿದಳು. ಬಿದ್ದು ಕಾಲು ಉಳುಕಿಸಿಕೊಳ್ಳಬಹುದು. ಏನೋ ಮರೆತೆ ಎಂದು ವಾಪಸು ಹೋಗಬಹುದು, ಆದರೆ ಆಮೇಲೆ? ಗಂಡ ಹೆಂಡತಿಯ ನಡುವೆ ನೀನು ಯಾರು ಎಂದು ಅಕ್ಕ ಕೇಳುತ್ತಾಳೆ. ಅವನು ಏನು ಮಾಡಿದ? ಜಾಕೆಟ್ ಹಾಕಿದ, ಕಲೆ ಒತ್ತಿದ, ಗಂಟೆ ಎತ್ತಿಟ್ಟುಕೊಂಡ. ಹೇಳಹೊರಟರೆ ಯಾವುದೂ ಒಂದು ದೂರಿನಂತೆ ಕೇಳಿಸುತ್ತಿರಲಿಲ್ಲ. ಇಪ್ಪತ್ತಮೂರನೆಯ ಹೆಜ್ಜೆಗೆ ದೋಣಿ ಬಂತು. ಅವಳು ಹತ್ತಿದಳು.

ಬಂಡೆ ದಾಟುವ ತನಕ ಎಂಜಿನ್ ಹಾಕುವಂತಿರಲಿಲ್ಲ. ಜೋಡಿಗಳಿಗೆ ಸದ್ದಾಗಬಾರದು. ಮಾವ ಹುಟ್ಟು ಹಾಕತೊಡಗಿದ. ನೀರು ಹಾಸಿದ ಬಟ್ಟೆಯಂತೆ ಅಲುಗದೆ ಬಿದ್ದಿತ್ತು.

“ಒಳ್ಳೆ ಜೋಡಿ. ಎಷ್ಟು ಚೆನ್ನಾಗಿ ನೋಡ್ಕೋತಾನೆ. ನಾನೂ ಇದೀನಿ, ನಿಮ್ಮತ್ತೆಗೆ ಒಂದು ಗುಂಡಿ ಹಾಕಿಕೊಟ್ಟವನಲ್ಲ,” ಎಂದು ತನ್ನಷ್ಟಕ್ಕೇ ನಕ್ಕ. ಬಂಡೆಯ ಹಿಂದೆ ಹೋದಮೇಲೆ ಫ್ಲಾಸ್ಕಿನ ಚಹಾ ಇಬ್ಬರಿಗೂ ಹಾಕು, ಇವತ್ತು ತಡವಾಗುತ್ತೆ ಅನ್ನಿಸುತ್ತೆ, ಅಮ್ಮನಿಗೆ ಹೇಳಿ ಬಂದಿದ್ದೀಯ ತಾನೆ ಎಂದೆಲ್ಲ ಹೇಳುತ್ತ ಹೋದ. ಅವಳು ಹಿಂದಕ್ಕೆ ಮುಖ ಮಾಡಿ ಕೂತಿದ್ದಳು. ಹೊರಟಮೇಲೆ ತಿರುಗಿ ನೋಡಬಾರದು ಎಂಬುದು ಅಕ್ಕ ಹೇಳಿಕೊಟ್ಟಿದ್ದ ಮೊದಲ ಪಾಠ.

ದಡದಲ್ಲಿ ಆರು ದೀಪ. ಕೆಳಗೆ ನೀರಿನಲ್ಲಿ ಆರು.

ಆಮೇಲೆ ಐದು.

ಅವಳು ರೆಪ್ಪೆ ಹೊಡೆದು ಮತ್ತೆ ಎಣಿಸಿದಳು. ಹೆಂಡತಿಯ ಕುರ್ಚಿಯ ಎಡಗಡೆಯದು ಇರಲಿಲ್ಲ. ಎತ್ತರದ ಆಕೃತಿಯೊಂದು ಕುರ್ಚಿಯ ಹಿಂದಿನಿಂದ ನಡೆದು ಬಲಗಡೆಗೆ ಬಂತು, ಬಗ್ಗಿತು. ನಾಲ್ಕಾಯಿತು.

“ಎಣ್ಣೆ ಮುಗೀತೇನೋ,” ಎಂದ ಮಾವ, ಅವಳ ನೋಟ ಹಿಡಿದು.

ಗಾಳಿ ಇರಲಿಲ್ಲ. ಮಾವನ ಹೆಗಲ ಟವೆಲ್ಲಿನ ಅಂಚು ಕೂಡ ಅಲುಗುತ್ತಿರಲಿಲ್ಲ. ಬಂಡೆಯ ನೆರಳು ದೋಣಿಯ ಮೂತಿಯ ಮೇಲೆ ಬಿದ್ದಿತ್ತು. ಇನ್ನು ನಾಲ್ಕೈದು ಸಲ ಹುಟ್ಟು ಹಾಕಿದರೆ ಮೇಜು ಮರೆಯಾಗುತ್ತಿತ್ತು. ಆಕೃತಿ ಮತ್ತೆ ಬಗ್ಗಿತು. ಮೂರು.

ಅವಳು ಜೇಬಿನೊಳಗಿದ್ದ ಹೆಂಡತಿಯ ಹಾಳೆಯನ್ನು ಹಿಡಿದುಕೊಂಡಳು. ಕೈ ನಡುಗುತ್ತಿತ್ತು, ಮಣಿಕಟ್ಟನ್ನು ಹಿಡಿದುಕೊಳ್ಳಲಿಲ್ಲ.

“ಮಾವ,” ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. “ಆಯಮ್ಮ ದೀಪ ಕೇಳಿರ್ಲಿಲ್ಲ. ಬಿಟ್ಟು ಹೋಗ್ಬೇಡಿ ಅಂತ ಬರ್ದಿದ್ರು. ದೀಪ ಅಂತ ಬರ್ಕೊಂಡಿದ್ದು ನಾನು.”

ಮಾವನ ಹುಟ್ಟು ನೀರಿನ ಮೇಲೆ ಎತ್ತಿದಲ್ಲೇ ನಿಂತಿತು. ಅದರ ತುದಿಯಿಂದ ಹನಿಗಳು ಒಂದರ ಹಿಂದೊಂದು ಬೀಳುತ್ತಿದ್ದವು. ದೋಣಿ ಮಾತ್ರ, ಹಿಂದಿನ ಎಳೆತದ ಬಲಕ್ಕೆ, ಬಂಡೆಯ ಕಡೆಗೆ ತನ್ನಷ್ಟಕ್ಕೆ ಇನ್ನೂ ಸ್ವಲ್ಪ ಸರಿಯುತ್ತಿತ್ತು.