ಮೂಗಿಗೆ ಮರಳು ಕಾಗದ

ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಕೆನ್ನೆ ಎಳೆದು ನೋಡಿ, "ಅಯ್ಯೋ, ಇದೇನು ಮುಖವೋ ಜರಡಿಯೋ" ಎಂದು ಕೊರಗದವರು ಯಾರಿದ್ದಾರೆ ಹೇಳಿ? ಆದರೆ ನಮ್ಮ ಪೇಂಟರಕ್ಕ ಕೊರಗುತ್ತ ಕೂರುವ ಪೈಕಿಯವಳಲ್ಲ. ಅವಳಿಗೆ ಎಲ್ಲಕ್ಕೂ ಕೈಯೇ ಮುಂದು. ಎಡವಟ್ಟಾಗಿದ್ದೂ ಅಲ್ಲೇ.

ಗೋಡೆಗೆ ಬಣ್ಣ ಬಳಿಯುವುದು ಅವಳ ಕಸುಬು. ಇನ್ನಷ್ಟು ಹೆಂಗಸರು ಈ ಕೆಲಸಕ್ಕೆ ಬರಲಿ ಎಂದು ಪೇಂಟರುಗಳ ಸಂಘದವರು ದೊಡ್ಡದೊಂದು ಪೋಸ್ಟರ್ ಮಾಡಿಸಲು ಹೊರಟಿದ್ದರು. ಅದರಲ್ಲಿ ಇವಳ ಮುಖವೇ ಇರಬೇಕೆಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಸುದ್ದಿ ಕೇಳಿದ್ದೇ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲೇ ಏಣಿ ಮೇಲೆ ಇರುವವಳು, ಇನ್ನೆಲ್ಲಿ ನಿಲ್ಲಬೇಕು! ಆದರೆ ಫೋಟೋದವನು ಪರೀಕ್ಷೆಗೆಂದು ಒಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಪರದೆ ತುಂಬ ಅವಳ ಮೂಗೇ ಇತ್ತು. ಮೂಗಿನ ತುಂಬ ತೂತುಗಳಿದ್ದವು.

ಮನೆಗೆ ಬಂದವಳೇ ಚೀಲ ಮೂಲೆಗೆ ಎಸೆದಳು.

"ಅತ್ತೆ, ಆ ಪೋಸ್ಟರ್ ಬಸ್‌ಸ್ಟ್ಯಾಂಡ್ ಎದುರಿನ ಗೋಡೆಯಷ್ಟು ಅಗಲ ಇರುತ್ತಂತೆ! ಅಷ್ಟು ದೊಡ್ಡದರಲ್ಲಿ ನನ್ನ ಮೂಗಿನ ತೂತಿಗೆ ಗುಬ್ಬಿ ಗೂಡು ಕಟ್ಟುತ್ತೆ!"

"ನಿಂಬೆಹಣ್ಣು ಉಜ್ಜು ಕಣೇ, ಎಲ್ಲ ಮುಚ್ಚಿಹೋಗುತ್ತೆ" ಎಂದರು ಅತ್ತೆ.

"ತೂತು ಮುಚ್ಚೋದನ್ನ ನಂಗೆ ಹೇಳಿಕೊಡ್ತೀರಾ? ದಿನಾ ಅದೇ ಅಲ್ವಾ ನನ್ನ ಕೆಲಸ? ಮೊದಲು ಉಜ್ಜಬೇಕು, ಆಮೇಲೆ ತುಂಬಬೇಕು, ಆಮೇಲೆ ಬಳೀಬೇಕು!"

ಹೇಳಿದ್ದನ್ನು ಮಾಡಿಯೂ ಬಿಟ್ಟಳು. ಬಳಸಿ ಬಳಸಿ ಸವೆದ, ಇದ್ದುದರಲ್ಲೇ ನುಣ್ಣಗಿನ ಮರಳು ಕಾಗದ ಆರಿಸಿ, ತೊಳೆದು, ಮೂಗಿನ ಮೇಲೂ ಕೆನ್ನೆಯ ಮೇಲೂ ಉಜ್ಜಿದಳು. ಅದರ ಮೇಲೆ ಅತ್ತೆಯ ನಿಂಬೆರಸ ಬಿತ್ತು. ಉರಿಯಿತು. ಉರಿದರೆ ಕೆಲಸ ಮಾಡುತ್ತಿದೆ ಎಂದೇ ಅರ್ಥ ಮಾಡಿಕೊಂಡಳು. ಕೊನೆಗೆ ಗಟ್ಟಿ ಕ್ರೀಮನ್ನು ಗೋಡೆಯ ತೂತಿಗೆ ಪುಟ್ಟಿ ಮೆತ್ತುವ ಹಾಗೆಯೇ ಒತ್ತಿ ಒತ್ತಿ ಸವರಿ ಮಲಗಿದಳು.

ಬೆಳಗ್ಗೆ ಗಂಡ ನೋಡಿದ. ಅವನೂ ಬಣ್ಣದವನೇ.

"ಏನೇ ಇದು, ಕಬ್ಬಿಣದ ಗೇಟಿಗೆ ಹೊಡೆಯೋ ಕೆಂಪು ಪ್ರೈಮರ್ ಮೂಗಿಗೆ ಹೊಡ್ಕೊಂಡಿದ್ದೀಯಾ?" ಎಂದು ನಗಲು ಹೋದವನು ಅವಳ ಕಣ್ಣಲ್ಲಿ ನೀರು ಕಂಡು ಪಕ್ಕದಲ್ಲಿ ಬಂದು ಕೂತ.

"ರೀ, ನಾಳೇನೇ ಫೋಟೋ. ಸಂಘಕ್ಕೆ ಫೋನ್ ಮಾಡಿ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂದ್ಬಿಡಿ" ಎಂದಳು. ಇಷ್ಟು ವರ್ಷ ಎಷ್ಟೋ ಮನೆಗಳಿಗೆ ಕಳೆ ತಂದವಳು. ಒಮ್ಮೆಯಾದರೂ ತನ್ನನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವಳಿಗೆ ಎಷ್ಟಿತ್ತೆಂದು ಗಂಡನಿಗೆ ಗೊತ್ತಿತ್ತು. ಅವನು ಫೋನ್ ಮುಟ್ಟಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿ, ಚರ್ಮದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆ ನರ್ಸನ್ನು ಕರೆತಂದ.

ನರ್ಸ್ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಅಕ್ಕಾ, ಇದು ಮುಖ. ಕಾಂಪೌಂಡ್ ಗೋಡೆ ಅಲ್ಲ!"

"ತೂತು ಅಂದ್ಮೇಲೆ ಮುಚ್ಚಬೇಕಲ್ವಾ ಸಿಸ್ಟರ್?"

"ಅದು ತೂತಲ್ಲ ಅಕ್ಕಾ, ಸಣ್ಣ ಸಣ್ಣ ಕೂದಲಿನ ಬುಡದ ಬಾಯಿ. ಚರ್ಮದ ಎಣ್ಣೆ ಹೊರಗೆ ಬರೋ ದಾರಿ. ಎಲ್ಲರಿಗೂ ಇರುತ್ತೆ. ಎಣ್ಣೆ ಚರ್ಮದವರಿಗೆ, ವಯಸ್ಸಾದವರಿಗೆ, ಬಿಸಿಲಲ್ಲಿ ದುಡಿಯೋರಿಗೆ ಸ್ವಲ್ಪ ದೊಡ್ಡದಾಗಿ ಕಾಣುತ್ತೆ. ಪೂರ್ತಿ ಇಲ್ಲದಂತೆ ಮಾಡೋದು ಯಾರ ಕೈಲೂ ಆಗಲ್ಲ. ನೀವು ಗಟ್ಟಿ ಕ್ರೀಮು ಮೆತ್ತಿದ್ರೆ ಒಳಗಿನ ಎಣ್ಣೆ ಎಲ್ಲಿಗೆ ಹೋಗ್ಬೇಕು?"

ಪೇಂಟರಕ್ಕ ತಟ್ಟನೆ ನೆಟ್ಟಗೆ ಕೂತಳು. "ತೇವ ಇರೋ ಗೋಡೆ! ಒಳಗೆ ನೀರು ಇಟ್ಕೊಂಡು ಮೇಲೆ ಪುಟ್ಟಿ ಹಚ್ಚಿದ್ರೆ ಗುಳ್ಳೆ ಏಳುತ್ತೆ! ನಾನೇ ಎಷ್ಟು ಜನಕ್ಕೆ ಬೈದಿದ್ದೀನಿ ಇದಕ್ಕೆ!"

"ಅಷ್ಟೇ ನೋಡಿ! ನಿಮಗೇ ಗೊತ್ತಿದೆ."

"ಹಾಗಾದ್ರೆ ಐಸ್ ಇಟ್ರೆ ಮುಚ್ಚುತ್ತೆ, ಆವಿ ತಗೊಂಡ್ರೆ ತೆರೆಯುತ್ತೆ ಅಂತಾರಲ್ಲ?" ಅತ್ತೆ ಅಷ್ಟು ಸುಲಭಕ್ಕೆ ಬಿಡುವವರಲ್ಲ.

"ಬಾಗಿಲೇ ಅಜ್ಜಿ ಅದು, ತೆರೆದು ಮುಚ್ಚೋಕೆ? ನಿಂಬೆರಸಾನೂ ಬೇಡ, ಚರ್ಮ ಸುಡುತ್ತೆ." ನರ್ಸ್ ಪೇಂಟರಕ್ಕನ ಕಡೆ ತಿರುಗಿದಳು. "ಇರಿ, ಮುಖಕ್ಕೆ ಬಣ್ಣ ಸಿಡಿದ್ರೆ ಯಾವುದ್ರಲ್ಲಿ ಒರೆಸ್ತೀರಿ?"

"ಥಿನ್ನರ್ ಬಟ್ಟೇಲಿ. ಇನ್ಯಾವುದ್ರಲ್ಲಿ?"

ನರ್ಸ್ ಹಣೆ ಚಚ್ಚಿಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ಬಣ್ಣ ತೆಳುಮಾಡುವ ಥಿನ್ನರ್ ಚರ್ಮಕ್ಕೆ ತಾಗಲೇ ಕೂಡದು. ಒಣಗಿದ ಬಣ್ಣಕ್ಕೆ ತುಸು ಅಡುಗೆ ಎಣ್ಣೆ ಸವರಿ ಮೆಲ್ಲಗೆ ಒರೆಸಿ, ಕೂಡಲೇ ತೊಳೆಯಬೇಕು. ಕೆಂಪು ಇಳಿಯುವವರೆಗೆ ಬರೀ ಉಗುರುಬೆಚ್ಚಗಿನ ನೀರು, ತೆಳ್ಳಗೆ ವ್ಯಾಸಲೀನ್ ಸಾಕು. ಉರಿ, ಕೀವು ಹೆಚ್ಚಾದರೆ ಡಾಕ್ಟರ ಹತ್ತಿರ ಹೋಗಬೇಕು.

"ವಾಸಿಯಾದ್ಮೇಲೆ ಬೆಳಗ್ಗೆ, ಸಂಜೆ, ಮೈ ಬೆವರಿದಾಗ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ತೊಳೀರಿ. ಉಜ್ಜೋದಲ್ಲ, ಬೆರಳಲ್ಲಿ ಸವರೋದು. ಕ್ರೀಮು ತಗೊಳ್ಳುವಾಗ ಎಣ್ಣೆ ಇಲ್ಲದ್ದು, ರಂಧ್ರ ಮುಚ್ಚಿಹಾಕದ್ದು ಅಂತ ಕೇಳಿ. ಬಿಸಿಲಿಗೆ ಹೋಗೋ ಮುಂಚೆ ಎಸ್‌ಪಿಎಫ್ ಮೂವತ್ತಾದ್ರೂ ಇರೋ ಸನ್‌ಸ್ಕ್ರೀನ್ ಹಚ್ಚಿ. ಮೂಗು ಹಿಂಡಬೇಡಿ. ಸ್ಯಾಲಿಸಿಲಿಕ್, ರೆಟಿನಾಯ್ಡ್ ಅಂತ ಔಷಧಿಗಳೂ ಇವೆ. ಅವನ್ನ ಡಾಕ್ಟರನ್ನ ಕೇಳದೆ ಹಚ್ಚೋ ಹಾಗಿಲ್ಲ. ಬಸುರಿ ಆಗಿದ್ರಂತೂ ಮೊದಲು ಅದನ್ನೇ ಹೇಳ್ಬೇಕು."

"ಇಷ್ಟು ಮಾಡಿದ್ರೆ ನಾಳೆಗೆ ಸರಿಹೋಗುತ್ತಾ?"

"ನಾಳೆಗೆ ಗೋಡೇನೇ ಒಣಗಲ್ಲ, ಮುಖ ಒಣಗುತ್ತಾ? ವಾರಗಟ್ಟಲೆ ಬೇಕು."

ಸಂಘದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. ನಕ್ಕು, ಫೋಟೋ ಮುಂದಕ್ಕೆ ಹಾಕಿದರು. "ನಿನ್ನ ಬಿಟ್ಟು ಬೇರೆಯವರು ಬೇಡ" ಎಂದರು. ಪೇಂಟರಕ್ಕನ ಹುರುಪು ಮತ್ತೆ ಏಣಿ ಹತ್ತಿತು!

ಕೆಂಪು ಇಳಿಯಿತು. ಮುಖ ತೊಳೆಯುವುದು ಅಭ್ಯಾಸವಾಯಿತು. ಅತ್ತೆ ಒಂದು ದಿನ ಸೊಸೆಯ ಮುಖವನ್ನು ಬೆಳಕಿಗೆ ಹಿಡಿದು, "ಜಿಡ್ಡು ಕಮ್ಮಿ ಆಗಿದೆ ಕಣೇ. ತೂತೂ ಅಷ್ಟು ಎದ್ದು ಕಾಣಲ್ಲ!" ಎಂದು ಕೂಗಿದರು. ಕೂಗಿದ್ದಷ್ಟೇ ಅಲ್ಲ, ಸನ್‌ಸ್ಕ್ರೀನ್ ಟ್ಯೂಬಿನಿಂದ ತಾವೂ ಒಂದಿಷ್ಟು ಹಿಂಡಿಕೊಂಡರು. ಗಂಡ ಕೆಲಸದ ಡಬ್ಬಿಗಳ ಪಕ್ಕದಲ್ಲಿ ಸಾಬೂನು, ಶುದ್ಧ ಬಟ್ಟೆ ಇಡತೊಡಗಿದ.

ಕೊನೆಗೂ ಫೋಟೋ ದಿನ ಬಂತು. ಫೋಟೋದವನು ಪರದೆಯಲ್ಲಿ ಮುಖ ದೊಡ್ಡದು ಮಾಡಿದ. ಚರ್ಮ ತಿಳಿಯಾಗಿತ್ತು, ಆದರೆ ಹತ್ತಿರ ಹೋದರೆ ರಂಧ್ರಗಳು ಇದ್ದೇ ಇದ್ದವು.

"ಅಕ್ಕಾ, ಉಳಿದಿದ್ದನ್ನ ಇದರಲ್ಲೇ ಅಳಿಸಿಬಿಡ್ಲಾ? ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ. ಮುಖ ಗಾಜಿನ ಹಾಗೆ ಬರುತ್ತೆ."

ಪೇಂಟರಕ್ಕ ಪರದೆಯನ್ನೇ ನೋಡಿದಳು. ತನ್ನ ಮುಖ ಅವಳಿಗೆ ನಿಜಕ್ಕೂ ಇಷ್ಟವಾಯಿತು.

"ಬೇಡಪ್ಪ. ಈ ಪೋಸ್ಟರ್ ನೋಡಿ ಹುಡುಗಿಯರು ಕೆಲಸ ಕಲಿಯೋಕೆ ಬರ್ತಾರೆ. ಬಂದಾಗ ಅಲ್ಲಿ ನಾನೇ ಇರ್ಬೇಕು, ಬೇರೆ ಯಾರೋ ಅಲ್ಲ."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ! ನಿಮ್ಮ ಮುಖದ ರಂಧ್ರಗಳು ರೋಗವಲ್ಲ, ಕೊಳಕೂ ಅಲ್ಲ. ಅವನ್ನು ಉಜ್ಜಬೇಡಿ, ಹಿಂಡಬೇಡಿ, ಸುಡಬೇಡಿ. ಮೆಲ್ಲಗೆ ತೊಳೆಯಿರಿ, ಬಿಸಿಲಿನಿಂದ ಕಾಪಾಡಿ, ಅನುಮಾನ ಬಂದರೆ ಚರ್ಮದ ವೈದ್ಯರನ್ನು ಕೇಳಿ. ಒಂದೇ ರಾತ್ರಿಯಲ್ಲಿ ರಂಧ್ರ ಮಾಯ ಎನ್ನುವವರು ಸಿಕ್ಕರೆ ನಕ್ಕು ಮುಂದೆ ಹೋಗಿ. ಇವತ್ತು ಸಂಜೆ ಕನ್ನಡಿಯಿಂದ ಎರಡು ಹೆಜ್ಜೆ ಹಿಂದೆ ನಿಂತು ನೋಡಿಕೊಳ್ಳಿ. ನಿಮ್ಮ ಮನೆಯವರು ನಿಮ್ಮನ್ನು ನೋಡುವುದು ಅಷ್ಟು ದೂರದಿಂದಲೇ, ಮತ್ತು ಅವರಿಗೆ ನೀವು ಚೆನ್ನಾಗಿಯೇ ಕಾಣುತ್ತಿದ್ದೀರಿ!